ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಪೈಪು

ಪುಸ್ತಕದ ಶೆಲ್ಫ್ ಮಾಡಬೇಕಿತ್ತು. ಕಬ್ಬಿಣದ ಪೈಪಿನ ಕಾಲು, ಅದರ ಮೇಲೆ ಹಳೇ ತೇಗದ ಹಲಗೆ. ಹೊಸ ಪೈಪಿಗೆ ಆ ಹಳೇ ಕಳೆ ಬರಲ್ಲ, ಅಲ್ವಾ? ಅದಕ್ಕೇ ಬೆಂಗಳೂರಿನ ಶಿವಾಜಿನಗರದ ಒಂದು ಗುಜರಿ ಅಂಗಡಿಗೆ ಹೋದೆ.

ಕಟ್ಟಡ ಒಡೆದಾಗ ಬಂದ ನೀರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳು ಗೋಡೆಗೆ ಒರಗಿದ್ದವು. ಮುಕ್ಕಾಲು ಇಂಚಿನದು ಸುಮಾರು 8 ಮೀಟರ್ ತೂಗಿಸಿದೆ, 13 ಕೆಜಿ ಬಂತು. ಕೆಜಿಗೆ 60 ರೂಪಾಯಿ. "ನಿಧಾನಕ್ಕೆ ಆರಿಸಿಕೊಳ್ಳಿ ಸಾರ್" ಅಂತ ಯಜಮಾನರು ಮುಕ್ಕಾಲು ಗಂಟೆ ಬಿಟ್ಟುಕೊಟ್ಟರು. ಅದು ನನಗೆ ತುಂಬಾ ಹಿಡಿಸಿತು.

ಒಂದು ಪೈಪಿನ ತುದಿಯಲ್ಲಿ ಪ್ಲಂಬರ್ ಸುತ್ತಿದ್ದ ಸೆಣಬಿನ ನೂಲು ಇನ್ನೂ ಹಾಗೇ ಇತ್ತು, ಪೇಂಟಿನ ಜೊತೆ ಕಲ್ಲಾಗಿ. ಸೀಮೆಎಣ್ಣೆ ಹಾಕಿ ವೈರ್ ಬ್ರಷ್‌ನಲ್ಲಿ ಉಜ್ಜಿದೆ. ನೂಲಿನಡಿಯ ಥ್ರೆಡ್ (ತಿರುಪಿನ ಗೆರೆಗಳು) ಹೊಸದರ ಹಾಗೆ ಹೊಳೆಯಿತು!

ಆದರೆ ಎಲ್ಬೋಗಳು, ಅಂದರೆ ಮೂಲೆಯಲ್ಲಿ ಪೈಪು ಜೋಡಿಸುವ ಬಾಗಿದ ತುಂಡುಗಳು, ಕೈಕೊಟ್ಟವು. ತುಕ್ಕು ಹಿಡಿದು ಬಿಚ್ಚಲೇ ಇಲ್ಲ, ಎರಡನ್ನು ಕತ್ತರಿಸಿ ಬಿಸಾಡಿದೆ. ಪೈಪನ್ನು ಹಲಗೆಗೆ ಕೂರಿಸುವ ದುಂಡು ಬಿಲ್ಲೆ, ಅಂದರೆ ಫ್ಲ್ಯಾಂಜ್, ಅಲ್ಲಿ ಸಿಗಲಿಲ್ಲ, ಹಾರ್ಡ್‌ವೇರ್ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಯಲ್ಲಿ ಹೊಸದೇ ಕೊಂಡೆ.

ಹೋಗುವಾಗ ಟಾರ್ಚ್ ಒಯ್ಯಿರಿ. ಪೈಪಿನೊಳಗೆ ಬೆಳಕು ಬಿಟ್ಟು ನೋಡಿ, ತುಕ್ಕು ಪದರ ಪದರವಾಗಿ ಎದ್ದಿದ್ದರೆ ಬೇಡ. ಇನ್ನೊಂದು ಮಾತು: ಜಿಐ ಮೇಲಿನ ಸತುವಿನ ಲೇಪವನ್ನು ದಯವಿಟ್ಟು ಸುಡಬೇಡಿ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತೆ. ವೆಲ್ಡಿಂಗ್ ಇಲ್ಲದೆ ಥ್ರೆಡ್‌ನಲ್ಲೇ ಜೋಡಿಸಿದೆ, 4 ಹಲಗೆ ತುಂಬಾ ಪುಸ್ತಕ ಇಟ್ಟರೂ ಅಲುಗಾಡಲ್ಲ.