ಬೆಳಗ್ಗೆ ಆಪರೇಷನ್, ಸಂಜೆ ಮನೆ: ಮಂಗಳೂರಿನ ಒಂದು ಡೇ ಕೇರ್ ವಿಭಾಗದ ಬಗ್ಗೆ

ನಮ್ಮ ಮನೆಯವರಿಗೆ ಹರ್ನಿಯಾ (ಹೊಟ್ಟೆಯ ಗೋಡೆ ಸಡಿಲಾಗಿ ಕರುಳು ಉಬ್ಬಿ ಬರುವುದು) ಆಪರೇಷನ್ ಆಗಿದ್ದು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಡೇ ಕೇರ್ ವಿಭಾಗದಲ್ಲಿ. ಡಾಕ್ಟರ ಕೆಲಸಕ್ಕೆ ಪೂರ್ತಿ ಅಂಕ. ಸಿಸ್ಟರ್‌ಗಳಿಗೆ ಇನ್ನೂ ಒಂದು ಜಾಸ್ತಿ. ಇನ್ಶೂರೆನ್ಸ್ ಕೌಂಟರಿಗೆ ಮತ್ತು ರಾತ್ರಿ ಮಾಡಲು ಕೊಟ್ಟ ಫೋನ್ ನಂಬರಿಗೆ ಅಂಕ ಕೊಡಲು ಮನಸ್ಸಿಲ್ಲ. ದೂರನ್ನು ಅವರಿಗೇ ಬರೆದು ಕೊಟ್ಟಿದ್ದೇನೆ, ಹಾಗಾಗಿ ಇಲ್ಲಿ ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಇಂಥ ಆಪರೇಷನ್‌ಗೆ ಹೊರಟವರು ಯಾವುದನ್ನು ಮೊದಲೇ ಕೇಳಿಕೊಳ್ಳಬೇಕು ಅಂತ ಗೊತ್ತಾಗಲಿ ಅನ್ನುವುದಷ್ಟೇ ನನ್ನ ಉದ್ದೇಶ.

ನಮ್ಮದು ಬಿ.ಸಿ.ರೋಡ್ ಹತ್ತಿರ ದಿನಸಿ ಅಂಗಡಿ. ಅಕ್ಕಿ ಮೂಟೆ ಎತ್ತಿ ಇಳಿಸುವುದು ಇವರೇ. ತೊಡೆಸಂದಿನಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ ಬಂದು, ನಿಂತರೆ ಹೊರಗೆ, ಮಲಗಿದರೆ ಒಳಗೆ ಆಗುತ್ತಿತ್ತು. "ಈಗಲೇ ಆಪರೇಷನ್ ಬೇಕಾ ಡಾಕ್ಟ್ರೇ?" ಅಂತ ಇವರು ಮೊದಲ ದಿನವೇ ಕೇಳಿದರು. ಡಾಕ್ಟರು ಹೆದರಿಸಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಉತ್ತರ ಅಮೆರಿಕದಲ್ಲಿ 720 ಗಂಡಸರನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಅಧ್ಯಯನ 2006ರಲ್ಲಿ ಬಂತಂತೆ. ಒಂದು ಗುಂಪಿಗೆ ಕೂಡಲೇ ಆಪರೇಷನ್, ಇನ್ನೊಂದು ಗುಂಪಿಗೆ ಕಾದು ನೋಡುವುದು. ಎಲ್ಲರೂ ನೋವು ಹೆಚ್ಚಿಲ್ಲದವರೇ. ಕಾದವರಲ್ಲಿ ಕರುಳು ಸಿಕ್ಕಿಹಾಕಿಕೊಂಡು ತುರ್ತು ಆಪರೇಷನ್ ಆಗಬೇಕಾಗಿ ಬಂದದ್ದು ತೀರಾ ಅಪರೂಪ. ಆದರೆ ಎರಡು ವರ್ಷದೊಳಗೆ ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಮಂದಿ, ಹೆಚ್ಚಿನವರು ನೋವು ಜಾಸ್ತಿಯಾಗಿ, ಆಪರೇಷನ್ ಮಾಡಿಸಿಕೊಂಡರು. "ನಿಮಗೆ ನೋವಿದೆ, ಮೂಟೆ ಎತ್ತುವ ಕೆಲಸವೂ ಇದೆ. ಮಾಡಿಸಿಕೊಳ್ಳುವುದು ಒಳ್ಳೆಯದು. ಆದರೆ ನಾಳೆಯೇ ಅಂತ ಓಡಬೇಕಾಗಿಲ್ಲ" ಅಂದರು. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದು ಅಂಗಡಿಯಲ್ಲಿ ಸ್ವಲ್ಪ ಪುರುಸೊತ್ತು ಸಿಕ್ಕ ಮೇಲೆ ಹೋದೆವು.

ಆಪರೇಷನ್ ದಿನ ಬೆಳಗ್ಗೆ ಏಳಕ್ಕೆ ಅಲ್ಲಿರಬೇಕಿತ್ತು. ಗಟ್ಟಿ ಆಹಾರ ಆರು ಗಂಟೆ ಮೊದಲೇ ನಿಲ್ಲಿಸಬೇಕು, ನೀರು ಎರಡು ಗಂಟೆ ಮೊದಲಿನ ತನಕ ಕುಡಿಯಬಹುದು ಅಂತ ಹಿಂದಿನ ದಿನ ಫೋನ್ ಮಾಡಿ ಹೇಳಿದ್ದರು. ಸುಮ್ನೆ ರಾತ್ರಿಯಿಂದ ನೀರೂ ಇಲ್ಲದೆ ಕೂರಿಸುವ ಜಾಗಗಳು ಈಗಲೂ ಇವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ. ಆ ಜಾಗ ಮರಗಟ್ಟುವ ಇಂಜೆಕ್ಷನ್, ಜೊತೆಗೆ ಸ್ವಲ್ಪ ಮಂಪರಿನ ಮದ್ದು, ಅಷ್ಟೇ. ಸಡಿಲಾದ ಜಾಗಕ್ಕೆ ಮೆಶ್ ಅನ್ನುವ ಬಲೆಯ ತುಂಡು ಇಟ್ಟು ಹೊಲಿದರು. ಸ್ನಾಯುವನ್ನು ಎಳೆದು ಬಿಗಿಯಾಗಿ ಹೊಲಿಯದೆ ಹೀಗೆ ಬಲೆ ಹಾಕುವ ವಿಧಾನ 1980ರ ದಶಕದಲ್ಲಿ ಅಮೆರಿಕದ ಡಾ. ಲಿಕ್ಟೆನ್‌ಸ್ಟೈನ್ ಅವರ ತಂಡದಿಂದ ಹರಡಿದ್ದು. ಬಿಲ್ಲಿನಲ್ಲಿ ಮೆಶ್‌ಗೆ ಬೇರೆಯೇ ಸಾಲು ಇರುತ್ತದೆ, ಯಾವುದು ಹಾಕುತ್ತಾರೆ, ಎಷ್ಟು ಅಂತ ಮೊದಲೇ ಕೇಳಿ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಡಾ. ತೊಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧ ಮಾಡಿ ಬಡವರಿಗೆ ಮೆಶ್ ಆಗಿ ಹಾಕಿ ತೋರಿಸಿದವರು. ಅದೇ ಬಗೆಯ ಅಗ್ಗದ ಮೆಶ್ ಬಗ್ಗೆ ಉಗಾಂಡಾದಲ್ಲಿ ನಡೆದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ನೋಡಿದಾಗ ಹರ್ನಿಯಾ ಮರುಕಳಿಸುವುದರಲ್ಲಿ ದುಬಾರಿ ಮೆಶ್‌ಗೂ ಅದಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಜನರಿಗೆ ನಿಜವಾಗಿ ಉಪಯೋಗವಾಗುವ ಸಂಶೋಧನೆ ಅಂದರೆ ಇದು ಅಂತ ನನಗೆ ಅನ್ನಿಸುತ್ತದೆ.

ಮೆಶ್‌ನ ಈ ಕಥೆಯನ್ನೆಲ್ಲ ನನಗೆ ಹೇಳಿದ್ದು ನನ್ನ ತಂಗಿಯ ಮಗ. ಜನರಲ್ ಸರ್ಜರಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. "ದೊಡ್ಡಮ್ಮ, ಡೇ ಕೇರ್ ಅಂದ್ರೆ ಹೊಸ ಫ್ಯಾಷನ್ ಅಂದ್ಕೊಳ್ಬೇಡಿ" ಅಂತ ಶುರು ಮಾಡಿದ. ಗ್ಲಾಸ್ಗೋದ ಜೇಮ್ಸ್ ನಿಕೋಲ್ ಎಂಬ ಸರ್ಜನ್ 1909ರಲ್ಲೇ ಹತ್ತು ವರ್ಷದ ಲೆಕ್ಕ ಕೊಟ್ಟಿದ್ದರಂತೆ. ಅಡ್ಮಿಟ್ ಮಾಡದೆ 8,988 ಮಕ್ಕಳ ಆಪರೇಷನ್! ತಾಯಿಯ ಹತ್ತಿರ ಮನೆಯಲ್ಲೇ ಮಗು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಆ ತಾಯಿಗೆ ಆಸ್ಪತ್ರೆಯ ಸಿಸ್ಟರ್‌ಗಳು ದಾರಿ ಹೇಳಿಕೊಡಬೇಕು ಅನ್ನುವುದು ಅವರ ವಾದ. ಎಡಿನ್‌ಬರೊದ ಫಾರ್ಕರ್‌ಸನ್ 1955ರಲ್ಲಿ ಜಾಗ ಮಾತ್ರ ಮರಗಟ್ಟಿಸಿ 485 ಹರ್ನಿಯಾ ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸಿದ್ದನ್ನು ಬರೆದರು. ನಿಕೋಲ್ ಮಾತು ನನಗೆ ಮನಸ್ಸಿನಲ್ಲಿ ಉಳಿಯಿತು. ಆಸ್ಪತ್ರೆ ಒಂದು ಹಾಸಿಗೆ ಉಳಿಸುತ್ತದೆ ಅಂದರೆ ಆ ರಾತ್ರಿಯ ನರ್ಸ್ ಕೆಲಸ ಮನೆಯ ಹೆಂಗಸಿನ ತಲೆಗೆ ಬರುತ್ತದೆ, ಅಲ್ವಾ? ಹಾಗಾದರೆ ಅವಳಿಗೆ ಕಲಿಸುವುದೂ ಆಪರೇಷನ್‌ನ ಭಾಗವೇ. ನಾನು ಅಂಕ ಕೊಟ್ಟಿದ್ದು ಈ ಲೆಕ್ಕದಲ್ಲೇ.

ಮಧ್ಯಾಹ್ನ ಇವರನ್ನು ಹೊರಗೆ ತಂದ ಮೇಲೆ ಅಲ್ಲಿನ ಸಿಸ್ಟರ್ ಒಂದು ಹಾಳೆ ಹಿಡಿದು ಬಂದರು. ಅದರಲ್ಲಿ ಐದು ಸಾಲು: ಬಿ.ಪಿ. ಮತ್ತು ನಾಡಿ, ನಡೆಯುವುದು, ವಾಕರಿಕೆ, ನೋವು, ರಕ್ತ ಸೋರುವುದು. ಒಂದೊಂದಕ್ಕೆ ಸೊನ್ನೆಯಿಂದ ಎರಡರ ತನಕ ಅಂಕ. ಒಟ್ಟು ಒಂಬತ್ತಾದರೂ ಬಂದರೆ ಮಾತ್ರ ಮನೆಗೆ. ಟೊರೊಂಟೊದ ಡಾ. ಫ್ರಾನ್ಸಿಸ್ ಚಂಗ್ ಮತ್ತು ಜೊತೆಯವರು ಮಾಡಿದ ಪಟ್ಟಿ ಇದು ಅಂತ ತಂಗಿಯ ಮಗ ಆಮೇಲೆ ಹೇಳಿದ. ಸಿಸ್ಟರ್ ಮಾತ್ರ ಅಂಕದ ಮಾತೇ ಎತ್ತಲಿಲ್ಲ. "ಬೇನೆ ಉಂಡಾ?" ಅಂತ ತುಳುವಿನಲ್ಲಿ ಕೇಳಿದರು. ಇವರು "ಇಜ್ಜಿ" (ಇಲ್ಲ) ಅಂದರೂ ನಂಬದೆ, ಕೈ ಹಿಡಿದು ಎಬ್ಬಿಸಿ, ಬಾತ್‌ರೂಮಿನ ತನಕ ನಡೆಸಿ, ಮುಖ ನೋಡುತ್ತಾ ನಿಂತರು. ಹಲ್ಲು ಕಚ್ಚಿದ್ದು ಕಂಡು ನೋವಿನ ಸಾಲಿನಲ್ಲಿ ಎರಡರ ಬದಲು ಒಂದು ಹಾಕಿದರು. ಮೂತ್ರ ಸಲೀಸಾಗಿ ಹೋಯಿತಾ ಅಂತ ಪಟ್ಟಿಯಲ್ಲಿ ಇಲ್ಲದಿದ್ದರೂ ಕೇಳಿ ಬರೆದುಕೊಂಡರು. ಆಮೇಲೆ ನನ್ನನ್ನು ಕೂರಿಸಿ, ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯುವುದು ಹೇಗೆ ಅಂತ ತೋರಿಸಿ, ನನ್ನಿಂದಲೂ ಮಾಡಿಸಿದರು. ಅವರಿಗೆ ಆ ಒಂದು ಅಂಕ ಜಾಸ್ತಿ ಇದಕ್ಕೇ.

ಮೂರು ಗಂಟೆಗೆ ಮನೆಗೆ ಹೋಗಬಹುದು ಅಂದರು. ಹೊರಟದ್ದು ಏಳೂವರೆಗೆ. ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಬಂದಿಲ್ಲ ಅಂತ. ಡಿಸ್ಚಾರ್ಜ್ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ 2024ರಲ್ಲೇ ಹೇಳಿದೆ. ನಾನು ಅದನ್ನು ಹೇಳಿದಾಗ ಕೌಂಟರಿನವರು "ಮೇಲ್ ಹಾಕಿದ್ದೇವೆ ಮೇಡಂ" ಅನ್ನುವುದರಲ್ಲೇ ಇದ್ದರು. ಆಪರೇಷನ್ ಆದ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂರುವುದು ಸರಿಯಲ್ಲ. ಹಾಸಿಗೆ ಬಿಡಿಸಿದ್ದೂ ಸರಿಯಲ್ಲ. ಇಪ್ಪತ್ತನಾಲ್ಕು ಗಂಟೆ ಅಡ್ಮಿಟ್ ಆಗದಿದ್ದರೂ ಡೇ ಕೇರ್ ಆಪರೇಷನ್‌ಗೆ ಸಾಮಾನ್ಯವಾಗಿ ಪಾಲಿಸಿ ಹಣ ಕೊಡುತ್ತದೆ. ತಡ ಮಾಡುವುದು ಮಾತ್ರ ನಿಲ್ಲಬೇಕು.

ರಾತ್ರಿ ಹತ್ತಕ್ಕೆ ಬ್ಯಾಂಡೇಜಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ರಕ್ತದ ಕಲೆ ಕಂಡಿತು. ಕೊಟ್ಟ ನಂಬರಿಗೆ ಫೋನ್ ಮಾಡಿದೆ. ರಿಸೆಪ್ಷನ್‌ಗೆ ಹೋಯಿತು. ಅಲ್ಲಿಂದ ಎಮರ್ಜೆನ್ಸಿಗೆ. ಅಲ್ಲಿದ್ದವರಿಗೆ ಇವರ ಆಪರೇಷನ್ ಬಗ್ಗೆ ಏನೂ ಗೊತ್ತಿಲ್ಲ, "ಬೇಕಿದ್ರೆ ಕರ್ಕೊಂಡು ಬನ್ನಿ" ಅಂದರು. ಆ ಹೊತ್ತಿಗೆ ಮತ್ತೆ ಮಂಗಳೂರಿಗಾ? ಕೊನೆಗೆ ತಂಗಿಯ ಮಗನೇ ಹೇಳಿಕೊಟ್ಟ: ಕಲೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ, ಗಂಟೆ ಬಿಟ್ಟು ನೋಡಿ, ಗೆರೆ ದಾಟಿ ಹರಡಿದರೆ ಅಥವಾ ಊತ ಏರಿದರೆ ಹೊರಡಿ. ಅಂಗಡಿಯ ಲೆಕ್ಕ ಬರೆಯುವ ನೀಲಿ ಪೆನ್ನಿನಲ್ಲಿ ಗೆರೆ ಎಳೆದೆ. ದಾಟಲಿಲ್ಲ. ಇಷ್ಟು ಸುಲಭದ ಮಾತು ಅವರು ಕೊಟ್ಟ ಹಾಳೆಯಲ್ಲಿ ಇರಬೇಕಿತ್ತು. ಆ ಹಾಳೆಯೂ ಪೂರ್ತಿ ಇಂಗ್ಲಿಷ್. ಗಾಯ ನೋಡಿಕೊಳ್ಳುವುದು ನಮ್ಮ ಅತ್ತೆಯಂಥವರು, ಅವರು ಓದುವುದು ಕನ್ನಡ. ಗಡಿಯಾಚೆಯಿಂದ ಬರುವವರಿಗೆ ಮಲಯಾಳಂನಲ್ಲೂ ಒಂದು ಹಾಳೆ ಇಟ್ಟರೆ ಏನು ಖರ್ಚಾಗುತ್ತದೆ?

ಮರುದಿನ ಬೆಳಗ್ಗೆ ಅದೇ ಸಿಸ್ಟರ್ ತಾವಾಗಿ ಫೋನ್ ಮಾಡಿದರು. "ಎರಡು ಮೂರು ದಿನದಲ್ಲಿ ಬೀಜದ ಚೀಲ, ಅದರ ಸುತ್ತ ಎಲ್ಲ ನೀಲಿ ಕಪ್ಪಾಗಬಹುದು, ಹೆದರಬೇಡಿ ಅಕ್ಕ. ಜ್ವರ, ಕೀವು, ಮೂತ್ರ ಕಟ್ಟುವುದು, ನೋವು ಏರುತ್ತಾ ಹೋಗುವುದು ಆದರೆ ಮಾತ್ರ ಬನ್ನಿ" ಅಂದರು. ಅವರು ಹೇಳಿದ ಹಾಗೇ ಆಯಿತು. ಹೇಳದೆ ಇದ್ದಿದ್ದರೆ ಆ ಬಣ್ಣ ನೋಡಿ ನಾನು ಆ ಕ್ಷಣವೇ ಆಟೋ ಹಿಡಿಯುತ್ತಿದ್ದೆ. ನೋವಿನ ಮದ್ದಿಗೆ ಮಲಬದ್ಧತೆ ಆಗಬಹುದು, ತಿಣುಕಬಾರದು, ನೀರು ಹಣ್ಣು ಜಾಸ್ತಿ ಕೊಡಿ ಅಂತಲೂ ಹೇಳಿದ್ದರು. ಕುಚ್ಚಲಕ್ಕಿ ಗಂಜಿ, ಬಾಳೆಹಣ್ಣಿನಲ್ಲಿ ಅದು ಸುಧಾರಿಸಿತು.

ನಡೆದಾಡುವುದಕ್ಕೆ, ಕ್ಯಾಶ್ ಹತ್ತಿರ ಕೂರುವುದಕ್ಕೆ ಡಾಕ್ಟರು ಅಡ್ಡಿ ಹೇಳಲಿಲ್ಲ. 2018ರ ಅಂತರರಾಷ್ಟ್ರೀಯ ಹರ್ನಿಯಾ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ, ನೋವಿಲ್ಲದಷ್ಟು ಕೆಲಸ ಬೇಗ ಶುರು ಮಾಡಬಹುದು ಅಂತ. ಮೂಟೆ ಮಾತ್ರ ಸದ್ಯ ಬೇಡ ಅಂದಿದ್ದಾರೆ, ಅದನ್ನು ಈಗ ಅಂಗಡಿಯ ಹುಡುಗ ಎತ್ತುತ್ತಿದ್ದಾನೆ.

ನಮ್ಮ ಹಾಗೆ ಒಂದು ಗಂಟೆಯೊಳಗಿನ ದಾರಿ, ಮನೆಯಲ್ಲಿ ಗಟ್ಟಿ ಜನ, ಕೈಯಲ್ಲಿ ವಾಹನ ಇದ್ದರೆ ಈ ವಿಭಾಗಕ್ಕೆ ಧೈರ್ಯವಾಗಿ ಹೋಗಿ. ಸುಳ್ಯ, ಚಾರ್ಮಾಡಿ ಕಡೆಯವರು, ಒಬ್ಬರೇ ಇರುವವರು, ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೋಗುವ ಊರಿನವರು ಒಂದು ರಾತ್ರಿ ಉಳಿಸಿಕೊಳ್ಳಿ ಅಂತ ಸಂಕೋಚ ಇಲ್ಲದೆ ಕೇಳಿ. ಕೇಳಿದರೆ ಇಲ್ಲ ಅನ್ನುವುದಿಲ್ಲ, ನಮ್ಮ ಪಕ್ಕದ ಹಾಸಿಗೆಯ ಅಜ್ಜನಿಗೆ ಹಾಗೆ ಉಳಿಸಿಕೊಟ್ಟಿದ್ದನ್ನು ನೋಡಿದ್ದೇನೆ. ಕನ್ನಡದ ಹಾಳೆ ಮತ್ತು ರಾತ್ರಿಗೊಂದು ನೇರ ನಂಬರ್, ಎರಡನ್ನೂ ಕೇಳಿ ಬರೆದು ಕೊಟ್ಟಿದ್ದೇನೆ. ಹೊಲಿಗೆ ತೋರಿಸಲು ಹೋದಾಗ ಹಾಳೆಯ ಕರಡು ತಯಾರಾಗುತ್ತಿದೆ ಅಂದರು. ನಂಬರಿನ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.