ಬಿಸಿಲಿಗೆ ಸುಟ್ಟ ವಿಆರ್ ಹೆಡ್‌ಸೆಟ್: ಮುಂಬೈಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಿ

ಡೊಂಬಿವಲಿಯ ಕನ್ನಡದ ಹುಡುಗನೊಬ್ಬ ಲ್ಯಾಮಿಂಗ್ಟನ್ ರೋಡ್ ಕಡೆಯ ಅಂಗಡಿಯೊಂದರಲ್ಲಿ ಹಳೆಯ ಕ್ವೆಸ್ಟ್ 2 ಕೊಂಡ. ಅದು ಮೆಟಾ ಕಂಪನಿಯ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಆಟದ ಲೋಕವೇ ಕಾಣುತ್ತದೆ. ಅಲ್ಲಿ ಹಾಕಿ ತೋರಿಸಿದ್ದು ಕತ್ತಲೆ ಗುಹೆಯ ಆಟ, ಯಾವ ದೋಷವೂ ಕಾಣಲಿಲ್ಲ. ಮನೆಯಲ್ಲಿ ಬ್ರೌಸರ್ ತೆರೆದ ಕೂಡಲೇ ಬಲಗಣ್ಣಿನ ಬಿಳಿ ಪುಟದ ಮೇಲೆ ಜೀರಿಗೆ ಕಾಳಿನಷ್ಟು ಹಳದಿ ಕಲೆ, ಅದಕ್ಕೊಂದು ಸಣ್ಣ ಬಾಲ. ತಲೆ ಎತ್ತ ತಿರುಗಿಸಿದರೂ ಕಲೆ ಜೊತೆಗೇ ಬರುತ್ತದೆ. ಅಂಗಡಿಯವರು ಲೆನ್ಸ್ ಒರೆಸಿ ನೋಡಿ ಎಂದು ಸಾಗಹಾಕಿದರು. ದುಡ್ಡು ವಾಪಸ್ ಬರಲಿಲ್ಲ.

ಅದು ಒರೆಸಿದರೆ ಹೋಗುವಂಥದ್ದಲ್ಲ. ಒಳಗಿನ ಪರದೆಯೇ ಬಿಸಿಲಿಗೆ ಸುಟ್ಟಿದೆ. ಭೂತಗನ್ನಡಿ ಹಿಡಿದು ಕಾಗದ ಸುಡುವುದು ಎಲ್ಲರಿಗೂ ಗೊತ್ತು. ಹೆಡ್‌ಸೆಟ್ಟಿನ ಲೆನ್ಸೂ ಅದೇ ಜಾತಿಯದು. ಬೆಳಕು ಒಂದು ಬಿಂದುವಿಗೆ ಕೂಡುವ ದೂರದಲ್ಲೇ ಪರದೆ ಕೂತಿರುತ್ತದೆ, ಹಾಗಿದ್ದರೆ ಮಾತ್ರ ಚಿತ್ರ ನಮಗೆ ಸ್ಪಷ್ಟ. ಆದ್ದರಿಂದ ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಶಾಖವೆಲ್ಲ ಪರದೆಯ ಒಂದೇ ಚುಕ್ಕಿಗೆ ಇಳಿಯುತ್ತದೆ. ಕೆಡಲು ಒಂದು ನಿಮಿಷವೂ ಬೇಡ. ಹೆಡ್‌ಸೆಟ್ ಆಫ್ ಆಗಿದ್ದರೂ ಅಷ್ಟೇ. ಅದು ಅಲುಗಿದರೆ ಅಥವಾ ಸೂರ್ಯ ಸರಿದರೆ ಚುಕ್ಕಿ ಗೆರೆಯಾಗುತ್ತದೆ, ಆ ಬಾಲ ಅದೇ. ಪರದೆ ಬದಲಿಸದೆ ಬೇರೆ ದಾರಿಯಿಲ್ಲ.

ನಮ್ಮೂರಲ್ಲಿ ಇದು ಹೆಚ್ಚಾಗಿ ಆಗುವುದು ಮಳೆಗಾಲದಲ್ಲಿ. ಮುಖಕ್ಕೆ ಒತ್ತುವ ಫೋಮ್ ಬೆವರು ಕುಡಿದು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ನಾಲ್ಕು ದಿನದ ಮೇಲೆ ಬಿಸಿಲು ಬಂತೆಂದು ಹಪ್ಪಳ ಒಣಗಿಸಿದ ಹಾಗೆ ಹೆಡ್‌ಸೆಟ್ಟನ್ನೇ ಲೆನ್ಸ್ ಮೇಲ್ಮುಖ ಮಾಡಿ ಬಾಲ್ಕನಿಯಲ್ಲಿ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೋಮ್ ಇರುವ ಚೌಕಟ್ಟು ಕೈಯಲ್ಲಿ ಎಳೆದರೆ ಕಳಚಿ ಬರುತ್ತದೆ. ಅದನ್ನಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಒಣಗಿಸಿ. ಪಶ್ಚಿಮದ ಕಿಟಕಿಯಿರುವ ಮನೆಯಲ್ಲಿ ಸಂಜೆ ಬಿಸಿಲು ಟೇಬಲ್‌ವರೆಗೂ ಅಡ್ಡ ಬರುತ್ತದೆ, ಅಲ್ಲಿಯೂ ಇಡಬೇಡಿ. ಕಾರಿನಲ್ಲಂತೂ ಬಿಟ್ಟು ಹೋಗಲೇಬೇಡಿ.

ಕೊಳ್ಳುವಾಗ ಅಂಗಡಿಯವರು ಹಾಕಿಕೊಟ್ಟ ಆಟ ನೋಡಿ ಒಪ್ಪಬೇಡಿ. ಮೊದಲು ಲೆನ್ಸ್‌ಗಳ ಅಂತರವನ್ನು ನಿಮ್ಮ ಕಣ್ಣುಗಳ ಅಂತರಕ್ಕೆ ಸರಿ ಮಾಡಿಕೊಳ್ಳಿ. ಕ್ವೆಸ್ಟ್ 2ರಲ್ಲಿ 58, 63, 68 ಮಿ.ಮೀ.ನ ಮೂರು ಸ್ಥಾನಗಳಿವೆ. ಆಮೇಲೆ ಬ್ರೌಸರಿನಲ್ಲಿ ಖಾಲಿ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನಡುವಿನಿಂದ ಅಂಚಿನವರೆಗೆ ನಿಧಾನ ನೋಡಿ, ಹಾಗೆಯೇ ಮತ್ತೊಂದು ಕಣ್ಣಿನಿಂದ. ಲೆನ್ಸ್ ಮೇಲಿನ ಧೂಳು, ಗೀರು ಮಸುಕು ಮಬ್ಬಿನಂತೆ ಕಾಣುತ್ತವೆ. ಸುಟ್ಟ ಕಲೆಗೆ ಅಂಚು ಚೂಪಾಗಿರುತ್ತದೆ. ಬಳಿಕ ಕಪ್ಪು ಪುಟದಲ್ಲೂ ನೋಡಿ. ಕೆಲವು ಸುಟ್ಟ ಚುಕ್ಕಿಗಳು ಅಲ್ಲಿ ಹೊಳೆಯುತ್ತವೆ. ಕಪ್ಪಿನ ಮೇಲಿನ ಬಿಳಿ ಅಕ್ಷರದ ಸುತ್ತ ಕಿರಣದಂತೆ ಚೆಲ್ಲುವ ಬೆಳಕು ಮಾತ್ರ ದೋಷವಲ್ಲ. ಕ್ವೆಸ್ಟ್ 2ರ ಫ್ರೆನೆಲ್ ಲೆನ್ಸಿನ (ಉಂಗುರ ಉಂಗುರ ಗೆರೆಗಳಿರುವ ತೆಳು ಲೆನ್ಸ್) ಗುಣವೇ ಅದು. 2023ರಲ್ಲಿ ಬಂದ ಕ್ವೆಸ್ಟ್ 3ರಲ್ಲಿ ಪ್ಯಾನ್‌ಕೇಕ್ ಎಂಬ ಬೇರೆ ಬಗೆಯ ಲೆನ್ಸಿದೆ, ಅದರಲ್ಲಿ ಅಷ್ಟಿಲ್ಲ, ಆದರೆ ಬಿಸಿಲಿನ ಅಪಾಯ ಅದಕ್ಕೂ ಇದೆ.

ಹೊರಮೈಯ ಕ್ಯಾಮೆರಾಗಳಿಗೂ ನೇರ ಬಿಸಿಲು ಆಗದು. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎಲ್ಲಿದೆ ಎಂದು ನೋಡುವುದು ಆ ಕ್ಯಾಮೆರಾಗಳೇ. ಆದರೆ ಆಟದಲ್ಲಿ ಕಂಟ್ರೋಲರ್ ನಡುಗಿದಂತೆ ಕಂಡ ಮಾತ್ರಕ್ಕೆ ಕ್ಯಾಮೆರಾ ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಅಮೆರಿಕದಿಂದ ಬಂದ ಸೆಟ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ 60 ಹರ್ಟ್ಸ್‌ನಲ್ಲೇ ಉಳಿದಿರಬಹುದು. ಮನೆಯ ದೀಪಗಳ ಮಿನುಗು ಕ್ಯಾಮೆರಾವನ್ನು ಗಲಿಬಿಲಿ ಮಾಡದಿರಲು ಇರುವ ಸೆಟ್ಟಿಂಗ್ ಅದು, ನಮ್ಮ ಕರೆಂಟಿಗೆ 50 ಬೇಕು.

ಹಳೆಯ ಮಾಲೀಕನ ಖಾತೆ ತೆಗೆಸಿ, ನಿಮ್ಮ ಖಾತೆ ಹಾಕಿ, ನಿಮ್ಮೆದುರೇ ಶುರುವಾದ ಮೇಲೆ ದುಡ್ಡು ಕೊಡಿ. ಪರದೆಯಲ್ಲಿ ಕಲೆ ಇದ್ದರೆ 7 ದಿನದೊಳಗೆ ವಾಪಸ್ ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮಾತ್ರ ಒರೆಸಿ, ಸ್ಪಿರಿಟ್ ಬೇಡ. ಬಳಸದಾಗ ಲೆನ್ಸ್ ಮೇಲೆ ಬಟ್ಟೆ ಮುಚ್ಚಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳಿನದಾದರೆ ಗುಲಾಬಿಗೆ ತಿರುಗಿದಾಗ ಬದಲಿಸಿ. ಜುಲೈ ತಿಂಗಳಲ್ಲಿ ಅದು ಬೇಗ ತಿರುಗುತ್ತದೆ.