ಫೋರ್ ವೀಲ್ ಲೈಟ್ ಹತ್ತದಿದ್ರೆ ಎಲ್ಲಿಂದ ಶುರು ಮಾಡ್ಬೇಕು: ನಾನು ಮಾಡಿ ನೋಡಿದ್ದು

ನಮ್ಮನೇಲಿ 2004ರ ಜಿಪ್ಸಿ ಇದೆ. ತೋಟ ಸಕಲೇಶಪುರದ ಕಡೆ, ಮಳೆ ಹಿಡೀತು ಅಂದ್ರೆ ಮನೆಯಿಂದ ಟಾರ್ ರೋಡಿನ ತನಕ ಒಂದೂವರೆ ಕಿಲೋಮೀಟರ್ ಬರೀ ಕೆಸರು, ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಕೊಡೋ ಗೇರು) ಹಾಕ್ದೆ ಗಾಡಿ ಮೇಲೆ ಹತ್ತೋದೇ ಇಲ್ಲ. ಹೋದ ಮಳೆಗಾಲದಲ್ಲಿ ಮೀಟರ್ ಬೋರ್ಡಲ್ಲಿರೋ ಫೋರ್ ವೀಲ್ ಲೈಟು ಮೊದಲು ಮಿಣುಕು ಮಿಣುಕು ಅಂತಿತ್ತು, ಆಮೇಲೆ ಪೂರ್ತಿ ನಿಂತ್ಹೋಯ್ತು. ವರ್ಷಗಟ್ಲೆ ಕೆಸರು ನೀರಲ್ಲಿ ಓಡಿರೋ ಗಾಡಿ, ಆಗೋದು ಸಹಜ.

ಒಂದು ಲೈಟಿಗೆ ಯಾಕಿಷ್ಟು ತಲೆಬಿಸಿ ಅಂತ ನಮ್ ಚಿಕ್ಕಪ್ಪನೇ ಕೇಳಿದ್ರು. ಈ ಗಾಡಿಗಳಲ್ಲಿ ಮುಂದಿನ ಹೌಸಿಂಗಿಗೂ (ಚಕ್ರದ ಆಕ್ಸಲ್ ಇರೋ ಕವಚ) ಹಿಂದಿನ ಹೌಸಿಂಗಿಗೂ ನಡುವೆ, ಎರಡನ್ನೂ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಇರಲ್ಲ. ಫೋರ್ ಎಚ್ (ಮಾಮೂಲಿ ಸ್ಪೀಡಿನ ಫೋರ್ ವೀಲ್ ಗೇರು) ಹಾಕಿದ ಮೇಲೆ ಎರಡೂ ಒಂದೇ ಸ್ಪೀಡಲ್ಲಿ ತಿರುಗ್ಲೇಬೇಕು. ಆದ್ರೆ ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡುತ್ತೆ. ಕೆಸರಲ್ಲಾದ್ರೆ ಟೈರು ಜಾರಿ ಸರಿಹೋಗುತ್ತೆ, ಒಣ ಟಾರಲ್ಲಿ ಹೋಗಲ್ಲ, ಸ್ಟೇರಿಂಗ್ ಬಿಗಿಯಾಗುತ್ತೆ, ಗೇರು ಕಚ್ಕೊಳ್ಳುತ್ತೆ, ಟೈರು ಸವೆಯುತ್ತೆ. ಬೇರೆಯವರು ಗಾಡಿ ತಗೊಂಡು ಹೋದಾಗ ಮರೆತು ಹಾಗೇ ಓಡಿಸದೇ ಇರ್ಲಿ ಅಂತ ಇರೋದೇ ಆ ಲೈಟು.

ಮೊದಲು ನೋಡ್ಬೇಕಾಗಿದ್ದು ಫೋರ್ ವೀಲ್ ನಿಜವಾಗ್ಲೂ ಬೀಳ್ತಾ ಇದೆಯಾ ಅಂತ. ಸಮತಟ್ಟು ಜಾಗದಲ್ಲಿ ನಿಲ್ಸಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ ಮುಂದಿನ ಒಂದು ಚಕ್ರ ಮಾತ್ರ ಜಾಕಲ್ಲಿ ಎತ್ತಿದೆ. ಮುಂದಿನ ಚಕ್ರನ ಆಕ್ಸಲ್ಲಿಗೆ ಸೇರಿಸೋ ಹಬ್ ಎರಡೂ ಲಾಕಲ್ಲಿತ್ತು. ಟೂ ಎಚ್‌ನಲ್ಲಿ (ಬರೀ ಹಿಂದಿನ ಚಕ್ರ ಎಳೆಯೋ ಗೇರು) ಚಕ್ರ ಕೈಯಲ್ಲಿ ತಿರುಗ್ತು, ಅದರ ಜೊತೆಗೆ ಮುಂದಿನ ಹೌಸಿಂಗಿಗೆ ಎಳೆತ ಒಯ್ಯೋ ಉದ್ದನೆ ರಾಡು, ಅಂದ್ರೆ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ತಿರುಗ್ತು, ಫೋರ್ ಎಚ್ ಹಾಕಿದ ಕೂಡ್ಲೆ ಎರಡೂ ಕಲ್ಲಾದಂಗೆ ನಿಂತ್ವು. ಅಂದ್ರೆ ಒಳಗೆ ಸರಿ ಇದೆ, ತೊಂದ್ರೆ ಬರೀ ಲೈಟಿನ ಕಡೆ. ಈ ಟೆಸ್ಟಿಗೆ ಖರ್ಚಿಲ್ಲ. ಗಾಡಿ ಜಾಕ್ ಮೇಲಿರುವಾಗ ಮಾತ್ರ ಅಡಿಗೆ ಹೋಗ್ಬೇಡಿ.

ಇನ್ನು ಲೈಟು. ಪಟ್ಟಣದ ಒಬ್ರು ಎಲೆಕ್ಟ್ರಿಷಿಯನ್ ಬಲ್ಬಿಂದ ಶುರು ಮಾಡಿದ್ರು, ಮೀಟರ್ ಬೋರ್ಡ್ ಬಿಚ್ಚಿ ಕೇಬಲ್ ಕಳಚಿ ಬಲ್ಬ್ ಹಾಕಿ ಮತ್ತೆ ಕೂರ್ಸೋಕೆ ಅರ್ಧ ದಿನ ಹೋಯ್ತು, ಹಳೇ ಪ್ಲಾಸ್ಟಿಕ್ಕು ನೋಡಿ, ಒಂದು ಕ್ಲಿಪ್ಪೂ ಮುರೀತು, ಲೈಟು ಮಾತ್ರ ಹತ್ತಲಿಲ್ಲ. ಅದಕ್ಕೆ ನಾನು ಮನೇಲಿ ಉಲ್ಟಾ ಕಡೆಯಿಂದ ಹೋದೆ. ಟ್ರಾನ್ಸ್‌ಫರ್ ಕೇಸಿಗೆ (ಎಳೆತವನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಗೇರ್ ಡಬ್ಬಿ) ಒಂದು ಸ್ವಿಚ್ ತಿರುಪಿರ್ತಾರೆ, ಅದರ ತುದೀಲಿ ಸಣ್ಣ ಗುಂಡು, ಫೋರ್ ವೀಲ್ ಬಿದ್ದಾಗ ಆ ಗುಂಡು ಒತ್ತಿಕೊಂಡು ಲೈಟಿನ ಅರ್ತ್ ಪೂರ್ತಿ ಆಗುತ್ತೆ. ನಮ್ ಗಾಡೀಲಿ ಅದಕ್ಕೆ ಎರಡು ವೈರು. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಫ್ಯೂಸ್ ಹಾಕಿದ ತುಂಡು ವೈರಲ್ಲಿ ಎರಡೂ ಪಿನ್ ಸೇರಿಸಿದೆ, ಲೈಟು ಜಗ್ ಅಂತ ಹತ್ತಿತು! ಹತ್ತೇ ನಿಮಿಷದಲ್ಲಿ ಬಲ್ಬು, ಫ್ಯೂಸು, ವೈರಿಂಗು ಮೂರೂ ಸರಿ ಅಂತ ಗೊತ್ತಾಯ್ತು. ಲೈಟು ಆರದೇ ಉರೀತಾ ಇದ್ರೂ ಇದೇ ಜಾಗ: ಕನೆಕ್ಟರ್ ಬಿಚ್ಚಿದಾಗ ಆರಿದ್ರೆ ಸ್ವಿಚ್ ಕಚ್ಕೊಂಡಿದೆ ಇಲ್ಲಾ ಗೇರೇ ಪೂರ್ತಿ ಹಿಂದೆ ಬಂದಿಲ್ಲ, ಆರದಿದ್ರೆ ದಾರೀಲಿ ಎಲ್ಲೋ ವೈರು ಸಿಪ್ಪೆ ಸುಲಿದು ಚಾಸಿಗೆ ತಾಗ್ತಿದೆ. ಬಲ್ಬಿಂದ ಶುರು ಮಾಡೋದಕ್ಕಿಂತ ಇದು ನೂರು ಪಾಲು ವಾಸಿ. ಆದ್ರೆ ಬಟನ್ ಒತ್ತಿ ಫೋರ್ ವೀಲ್ ಹಾಕೋ ಗಾಡಿಗಳಲ್ಲಿ ಕಂಟ್ರೋಲ್ ಯೂನಿಟ್ ಇರುತ್ತೆ, ಅಲ್ಲಿ ಹೀಗೆ ವೈರ್ ಸೇರಿಸೋಕೆ ಹೋಗ್ಬೇಡಿ.

ಮಲ್ಟಿಮೀಟರಾ ಟೆಸ್ಟ್ ಲ್ಯಾಂಪಾ ಅಂತ ಕೇಳಿದ್ರೆ ಇಂಥ ಹಳೇ ಗಾಡಿಯ ವೈರಿಗೆ ನನ್ನ ಓಟು ಟೆಸ್ಟ್ ಲ್ಯಾಂಪಿಗೆ. ಮಲ್ಟಿಮೀಟರ್ ಹೆಚ್ಚುಕಮ್ಮಿ ಕರೆಂಟೇ ಎಳೆಯಲ್ಲ, ಒಳಗೆ ಹಸಿರು ಕಿಲುಬು ಹಿಡಿದು ಒಂದೇ ಎಳೆ ಉಳಿದಿದ್ರೂ 12 ವೋಲ್ಟ್ ಅಂತ ತೋರ್ಸುತ್ತೆ, ಲ್ಯಾಂಪ್ ಆದ್ರೆ ಮಂಕಾಗುತ್ತೆ, ಕಣ್ಣಿಗೇ ಕಾಣುತ್ತೆ. ಸ್ವಿಚ್ಚು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನೋಡೋಕೆ ಮಾತ್ರ ಮಲ್ಟಿಮೀಟರೇ ಬೇಕು. ನಮ್ದು ಗುಂಡು ಒತ್ತಿದ್ರೆ ಒಂದ್ಸಲ ಬೀಪ್ ಅನ್ನೋದು, ಇನ್ನೊಂದ್ಸಲ 80 ಓಮ್, ಇನ್ನೊಂದ್ಸಲ ಏನೂ ಇಲ್ಲ. ಚೆನ್ನಾಗಿರೋ ಸ್ವಿಚ್ ಸೊನ್ನೆ ಹತ್ರಾನೇ ನಿಲ್ಬೇಕು.

ಸ್ವಿಚ್ಚಿಗೆ ಮೂರು ದಾರಿ ಇತ್ತು, ಮೂರೂ ಮಾಡಿ ನೋಡ್ದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಗುಂಡನ್ನ ಐವತ್ತು ಸಲ ಒತ್ತಿ ಬಿಟ್ಟೆ, ಮೂರು ವಾರ ನಡೀತು, ಮತ್ತೆ ಅದೇ ಕಥೆ. ಗುಜರೀಲಿ ಸಿಕ್ಕಿದ್ದು ಅಗ್ಗ, ಕೈಯಲ್ಲಿ ಒತ್ತಿದ್ರೆ ಬೀಪ್ ಅಂತಿತ್ತು, ಆದ್ರೆ ಗಾಡಿ ಓಡಿ ಕೇಸ್ ಬಿಸಿ ಆದ್ಮೇಲೆ ಲೈಟ್ ಹೋಗೋದು, ತಣ್ಣಗಾದ್ರೆ ಬರೋದು. ಕೊನೆಗೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೇಲಿ ಹೊಸದು ತಂದೆ, ಬೆಲೆ ಗುಜರಿಯ ನಾಲ್ಕರಷ್ಟು.

ಹೊಸದು ಹಾಕಿದ್ರೂ ಲೈಟು ಹತ್ತಲಿಲ್ಲ ನೋಡಿ! ಅಂಗಳದಲ್ಲಿ ಗೋಣಿಚೀಲ ಹಾಸ್ಕೊಂಡು ಮಲಗಿದ್ದೆ, ಮುಖದ ಮೇಲೆ ಗೇರ್ ಆಯಿಲ್ ತೊಟ್ಟಿಕ್ತಾ ಇತ್ತು, ಅಳು ಬರೋದೊಂದು ಬಾಕಿ. ಮತ್ತೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ್ರೆ ತೂತಿನ ಬಾಯಲ್ಲಿ ಹಳೇ ತಾಮ್ರದ ವಾಷರ್ ಅಂಟ್ಕೊಂಡು ಕೂತಿದೆ, ಅದರ ಮೇಲೆ ನಾನು ಹೊಸ ವಾಷರೂ ಹಾಕಿದೀನಿ. ಒಂದು ವಾಷರ್ ದಪ್ಪದಷ್ಟು ಸ್ವಿಚ್ ಹೊರಗೆ ನಿಂತಿದ್ದಕ್ಕೆ ಗುಂಡು ಒಳಗಿನ ರಾಡಿಗೆ ಮುಟ್ತಾನೇ ಇರ್ಲಿಲ್ಲ. ಉಗುರಲ್ಲಿ ಕೆರೆದು ಹಳೇದು ತೆಗೆದೆ, ಬಿಗಿ ಮಾಡ್ದೆ, ಗೇರು ಎಳೆದೆ, ಹತ್ತಿತು.

ಬಿಚ್ಚೋ ಮುಂಚೆ ಸುತ್ತಲಿನ ಮಣ್ಣು ಬ್ರಶ್ಶಲ್ಲಿ ತೆಗೀರಿ, ಇಲ್ಲಾಂದ್ರೆ ಎಲ್ಲಾ ಒಳಗೇ ಬೀಳುತ್ತೆ. ಅಡಿಗೆ ಒಂದು ಟ್ರೇ ಇಡಿ. ಕೆಲವು ಗಾಡೀಲಿ ಗುಂಡು ಸ್ವಿಚ್ ಜೊತೆ ಇರಲ್ಲ, ಬಿಡಿಯಾಗಿ ಉದುರುತ್ತೆ, ಕಳ್ಕೋಬೇಡಿ. ಒಂದೇ ವೈರಿನ ಸ್ವಿಚ್ ಆಗಿದ್ರೆ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ಬೇಡಿ, ಅದಕ್ಕೆ ಅರ್ತ್ ಸಿಗೋದೇ ಆ ತಿರುಪಿಂದ.

ಸ್ವಿಚ್ ಗೋಜೇ ಬೇಡ, ಡ್ಯಾಶ್‌ಬೋರ್ಡಲ್ಲಿ ಬೇರೆ ಎಲ್‌ಇಡಿ ಕೂರ್ಸಿ ಕೈಯಿಂದಲೇ ಆನ್ ಮಾಡ್ಕೊಳ್ಳಿ ಅಂತ ಒಬ್ರು ಹೇಳಿದ್ರು. ಅದೊಂದನ್ನ ನಾನು ಮಾಡಿ ನೋಡಲಿಲ್ಲ. ಗೇರು ಹಾಕಿದ್ದನ್ನೇ ಮರೆಯೋರು ಆ ಬಟನ್ ಒತ್ತೋದನ್ನ ನೆನಪಿಟ್ಕೋತಾರಾ? ಹೊಸ ಸ್ವಿಚ್ ಹಾಕಿ ಈಗ ಒಂದು ಪೂರ್ತಿ ಮಳೆಗಾಲ ಆಯ್ತು, ಮೊನ್ನೆ ಬಿಸ್ಲೆ ಕಡೆ ಹೋಗಿ ಬಂದ್ವಿ, ಟಾರಿಗೆ ಹತ್ತಿದ ಕೂಡ್ಲೆ ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನೇ ಲೈಟ್ ನೋಡಿ "ಫೋರ್ ವೀಲ್ ತೆಗಿಯೋ" ಅಂದ್ರು.